ಹೆಬ್ಬೆರಳ ಗುಡ್ಡ

ನಮ್ಮ ತೌಮೆರಿ ದ್ವೀಪದ ದೋಣಿಕಟ್ಟೆಯಲ್ಲಿ ಇಳಿದವರಿಗೆ ಮೊದಲು ಕಾಣುವುದು ಇಗರ್ಜಿ, ಅದರ ಬೆನ್ನಿಗೇ ಹೆಬ್ಬೆರಳ ಗುಡ್ಡ. ಬಂದವರೆಲ್ಲ ಕತ್ತು ಓರೆಮಾಡಿ ನೋಡಿ, "ಎಲ್ಲಿದೆ ಸ್ವಾಮಿ ಹೆಬ್ಬೆರಳು? ಮಗುಚಿದ ಬಾಣಲೆಯ ಹಾಗಿದೆಯಲ್ಲ!" ಎನ್ನುತ್ತಾರೆ. ಆಕಾರಕ್ಕೆ ಇಟ್ಟ ಹೆಸರಲ್ಲ ಅದು ಎಂದು ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ.

ಹಿಂದೆ ಒಮ್ಮೆ, ನನ್ನ ಮುತ್ತಜ್ಜನ ಕಾಲಕ್ಕೂ ಮೊದಲು, ಹಾಯಿಕಂಬ ಮುರಿದ ತಿಮಿಂಗಿಲ ಬೇಟೆಯ ಹಡಗೊಂದು ಇಲ್ಲಿ ತಂಗಿತಂತೆ. ಅದರ ಕಪ್ತಾನ ತನ್ನ ದೇಶದ ಸುಗ್ಗಿಹಬ್ಬವನ್ನು ನಮ್ಮವರಿಗೆ ಕಲಿಸಿ, ನವೆಂಬರಿನ ಕೊನೆಯ ಗುರುವಾರ ಫಸಲನ್ನು ದೇವರ ಮುಂದಿಡಬೇಕೆಂದು ಇಗರ್ಜಿಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದು ಹೋದ. ಅವನ ದೇಶದಲ್ಲಿ ಅದು ಕಣ ತುಂಬುವ ಕಾಲ. ನಮ್ಮಲ್ಲಿ ಬಳ್ಳಿಗೆಣಸು ನೆಟ್ಟು ಆಗ ಮೂರು ತಿಂಗಳೂ ಆಗಿರುವುದಿಲ್ಲ. ಅಗೆಯುವುದು ಮೇ ತಿಂಗಳಿಗೆ. ಆದರೆ ಬೈಬಲ್ಲಿನೊಳಗೆ ಬರೆದದ್ದನ್ನು ತಿದ್ದುವವರು ಯಾರು? ವರ್ಷ ವರ್ಷವೂ ಎಳೆಗೆಣಸನ್ನು ಕಿತ್ತು ಪೀಠದ ಮುಂದೆ ಸುರಿದರು. ಮೇ ಬಂದಾಗ ಬರಿದಾದ ಪಾತಿಗಳನ್ನು ನೋಡುತ್ತ ಹಸಿದು ಕುಳಿತರು ಎನ್ನುತ್ತಾರೆ.

ಆ ಗುಡ್ಡದ ಮೇಲೆ ಮೆಲೆನಾ ಎಂಬ ವಿಧವೆಯ ತೋಟವಿತ್ತು. ಹಿಂದಿನ ವರ್ಷದ ಹಸಿವು ಅವಳ ಒಬ್ಬ ಮೊಮ್ಮಗಳನ್ನು ಕೊಂಡೊಯ್ದಿತ್ತು. ಉಳಿದಿಬ್ಬರಿಗೆ ಆ ಪಾತಿಗಳೇ ಆಧಾರ. ಹಬ್ಬದ ಬೆಳಿಗ್ಗೆ ಅವಳ ಮೈದುನ, ಇಗರ್ಜಿಯ ಹಿರಿಯ ಸೆಮಿಸಿ, ಅಗೆಗೋಲು ಹಿಡಿದ ಹತ್ತು ಜನರೊಡನೆ ಗುಡ್ಡ ಹತ್ತಿದ.

"ಅತ್ತಿಗೆ, ದೇವರ ಪಾಲಿಗೆ ಅಡ್ಡ ಕೂರಬೇಡ."

"ಗೆಣಸು ಯಾವಾಗ ಬಲಿಯುತ್ತದೆಂದು ಅದನ್ನು ಮಾಡಿದವನಿಗೆ ಗೊತ್ತು. ಗೊತ್ತಿಲ್ಲದವನು ನೀನೊಬ್ಬ. ಒಂದೇ ಒಂದು ಕೀಳು. ದೇವರಿಗೆ ಕೊಡುವಂಥದ್ದಾದರೆ ಗುಡ್ಡವನ್ನೆಲ್ಲ ಅಗೆದುಕೊಂಡು ಹೋಗು."

ಸೆಮಿಸಿ ತೋಟದಲ್ಲೇ ಸೊಂಪಾದ ಬಳ್ಳಿಯನ್ನು ಆರಿಸಿ ಕಿತ್ತ. ಬೇರಿನ ತುದಿಯಲ್ಲಿ ನೇತಾಡಿದ್ದು ಅವನ ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ. "ತಗೊಂಡು ಹೋಗು ಮೈದುನ, ಊರಿಗೆಲ್ಲ ಬಡಿಸು," ಎಂದಳಂತೆ. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಸೆಮಿಸಿ ಅದೊಂದನ್ನೇ ಅಂಗೈಯಲ್ಲಿ ಹಿಡಿದು ಇಳಿದು ಪೀಠದ ಮೇಲಿಟ್ಟ. ಅಂದಿನಿಂದ ನವೆಂಬರಿನಲ್ಲಿ ಯಾರ ಪಾತಿಗೂ ಕೋಲು ಬೀಳಲಿಲ್ಲ. ಮೇ ತಿಂಗಳಲ್ಲಿ ಮೆಲೆನಾಳ ಒಂದೊಂದು ಗೆಣಸನ್ನೂ ಇಬ್ಬರು ಹೊರಬೇಕಾಯಿತಂತೆ.

ಅಷ್ಟು ತಿಳಿದ ಮೇಲಾದರೂ ಹಬ್ಬವನ್ನೇ ಮೇ ತಿಂಗಳಿಗೆ ತರಬಾರದಿತ್ತೆ? ತರಲಿಲ್ಲ. ನಾನು ಮೂವತ್ತು ವರ್ಷದಿಂದ ಸಭೆಯಲ್ಲಿ ಎದ್ದು ಕೇಳುತ್ತಿದ್ದೇನೆ. "ಕೂತ್ಕೊಳ್ಳಿ ತಾತ, ಬರೆದದ್ದು ಬರೆದದ್ದೇ," ಎನ್ನುತ್ತಾರೆ. ಹಾಗಾಗಿ ಹಬ್ಬಕ್ಕೆ ಬಂದವರು ಇಂದಿಗೂ ಪೀಠದ ಮೇಲೆ ನೋಡುವುದು ಇದನ್ನೇ: ಹಡಗಿನಲ್ಲಿ ಬಂದ ಡಬ್ಬಿಯ ಕುಂಬಳ, ಡಬ್ಬಿಯ ಜೋಳ, ನಡುವೆ ಬಿಳಿ ತಟ್ಟೆಯಲ್ಲಿ ಆ ಗುಡ್ಡದಿಂದ ಕಿತ್ತ ಹೆಬ್ಬೆರಳಷ್ಟು ಗೆಣಸು. ಅದರ ಮುಂದೆ ಊರಿಗೆ ಊರೇ ಎದ್ದು ನಿಂತು, ತುಂಬಿದ ಕಣಜಕ್ಕಾಗಿ ದೇವರಿಗೆ ವಂದನೆ ಎಂದು ಹಾಡುತ್ತದೆ. ಆತ ಮನ್ನಿಸಲಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವನು ನಾನೇ.