ಕೂಗುಬಂಡೆ ಹತ್ತಿದ ಕೆಂಬಾಲ

ಸುತ್ತಲೂ ಬೆಟ್ಟಗಳಿದ್ದ ಒಂದು ಕಾಡಿನಲ್ಲಿ ಕೂಗುಬಂಡೆ ಎಂಬ ದೊಡ್ಡ ಬಂಡೆಯಿತ್ತು. ಅದರ ಮೇಲೆ ನಿಂತು ಯಾರು ಏನೇ ಹೇಳಿದರೂ ಮಾತು ಬೆಟ್ಟಕ್ಕೆ ಬಡಿದು ಇಡೀ ಕಾಡಿಗೆ ಕೇಳಿಸುತ್ತಿತ್ತು. ನೀರು ಎಲ್ಲಿದೆ, ಬೇಟೆಗಾರರ ಬಲೆ ಎಲ್ಲಿದೆ ಎಂದು ಪ್ರಾಣಿಗಳು ಅಲ್ಲಿಂದಲೇ ತಿಳಿಸುತ್ತಿದ್ದವು.

ಆ ಕಾಡಿನಲ್ಲಿ ಕೆಂಬಾಲನೆಂಬ ನರಿಯಿದ್ದ. ಒಮ್ಮೆ ಅವನು ಬಂಡೆ ಹತ್ತಿ, ಜೇನಿಗೆ ಕೈಹಾಕಿ ಮರದಿಂದ ಉರುಳಿದ ಕರಡಿಯನ್ನು ಅಣಕಿಸಿದ. ಕಾಡೆಲ್ಲ ನಕ್ಕಿತು. ಅಂದಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗದು, ಕುಳಿತಲ್ಲಿ ಕೂರಲಾಗದು. ತಿನ್ನುವಾಗಲೂ ಕಿವಿ ಬಂಡೆಯ ಕಡೆಗೇ. 'ನನ್ನ ಮಾತಿಗೆ ಯಾರು ಏನಂದರು? ಇವತ್ತು ಏನು ಕೂಗಲಿ? ನನಗಿಂತ ಮೊದಲು ಮಂಗ ಕೂಗಿಬಿಟ್ಟರೆ?' ಎಂದು ಜೀವ ಸದಾ ತಳಮಳಿಸುತ್ತಿತ್ತು.

ಒಂದು ಬೆಳಿಗ್ಗೆ ಅವನು ಸುದ್ದಿ ಹುಡುಕುತ್ತ ಪೊದೆಪೊದೆ ಸುತ್ತುತ್ತಿದ್ದ. ಚಿಗುರಿ ಎಂಬ ಮೊಲದ ಗೂಡಿನ ಮುಂದೆ ಮುಳ್ಳವ್ವನೆಂಬ ಮುದಿ ಮುಳ್ಳುಹಂದಿ ಯಾರದೋ ದಾರಿ ಕಾಯುವಂತೆ ನಿಂತಿದ್ದಳು. ಅವಳ ಮುಳ್ಳುಗಳ ಮೇಲೆಲ್ಲ ರಕ್ತ. ಚಿಗುರಿ ಮೇಯಲು ಹೋಗಿದ್ದಳು. ಗೂಡಿನಲ್ಲಿ ಮರಿಗಳಿರಲಿಲ್ಲ.

"ಏನಾಯ್ತು ಮುಳ್ಳವ್ವ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಕೇಳುತ್ತ ನಿಂತರೆ ಸುದ್ದಿ ಹಳಸಿಹೋಗುತ್ತದಲ್ಲ! ಕೆಂಬಾಲ ಏದುಸಿರು ಬಿಡುತ್ತ ಬಂಡೆಗೆ ಓಡಿದ.

"ಕೇಳಿರಿ, ಕೇಳಿರಿ! ಮುಳ್ಳವ್ವ ಚಿಗುರಿಯ ಮರಿಗಳನ್ನು ಕೊಂದಳು! ನಾನೇ ಕಣ್ಣಾರೆ ಕಂಡೆ!"

ಕಾಡಿನ ಪ್ರಾಣಿಗಳೆಲ್ಲ ಕೋಪದಿಂದ ಕೆರಳಿದವು. ಮಂಗ ಬಂಡೆಗೆ ಹಾರಿ, "ನನಗೆ ಮೊದಲೇ ಅನುಮಾನವಿತ್ತು" ಎಂದಿತು. ಕಾಡುಹಂದಿ, "ಅವಳ ಬಿಲವನ್ನೇ ಮುಚ್ಚಿರಿ!" ಎಂದು ಗುಟುರು ಹಾಕಿತು. ಎಲ್ಲರೂ ಗೂಡಿನ ಬಳಿಗೆ ನುಗ್ಗಿದಾಗ ಮುಳ್ಳವ್ವ ಏನೋ ಹೇಳಲು ಬಾಯಿ ತೆರೆದಳು. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಎಲ್ಲರೂ ಸೇರಿ ಅವಳನ್ನು ಹೊಳೆಯಾಚೆಗೆ ಅಟ್ಟಿದರು. ಅವಳ ಬಿಲದ ಬಾಯಿಗೆ ಕಲ್ಲುಮಣ್ಣು ತುಂಬಿದರು.

ತನ್ನ ಮಾತು ಬೆಟ್ಟದಿಂದ ಬೆಟ್ಟಕ್ಕೆ ಹಾರುವುದನ್ನು ಕೇಳಿ ಕೆಂಬಾಲ ಕುಣಿಯುತ್ತ ಬರುತ್ತಿದ್ದ. ದಾರಿಯಲ್ಲಿ ಹೆಬ್ಬಾವೊಂದು ಹೊರಳಾಡುತ್ತಿತ್ತು. ಅದರ ಮೈತುಂಬ ಮುಳ್ಳುಗಳು ನಾಟಿದ್ದವು.

"ನಿನಗೇನಾಯ್ತು?"

"ಎಲ್ಲ ಆ ಮುದುಕಿಯ ಕೆಲಸ! ಮೊಲದ ಮರಿಗಳನ್ನು ನುಂಗಲು ಹೋಗಿದ್ದೆ. ಅಡ್ಡ ಬಂದು ಚುಚ್ಚಿದಳು. ಮರಿಗಳನ್ನು ತನ್ನ ಬಿಲಕ್ಕೆ ಸಾಗಿಸಿಬಿಟ್ಟಳು."

ಕೆಂಬಾಲನಿಗೆ ಆಗ ತಿಳಿಯಿತು: ಮರಿಗಳು ಮುಚ್ಚಿದ ಬಿಲದೊಳಗಿದ್ದವು! ಬಂಡೆಗೆ ಓಡಿ, "ತಪ್ಪಾಯಿತು! ಬಿಲ ತೆರೆಯಿರಿ!" ಎಂದು ಅರಚಿದ. ಅಲ್ಲಿ ಆಗಲೇ ಎಷ್ಟೋ ಬಾಯಿಗಳು ಮುಳ್ಳವ್ವನನ್ನು ಬೈಯುತ್ತಿದ್ದವು. ಅವನ ದನಿ ಅವನಿಗೇ ಕೇಳಲಿಲ್ಲ. ಅಲ್ಲಿಂದ ಬಿಲಕ್ಕೆ ಓಡಿದ. ಒಬ್ಬನೇ ಅಗೆದ. ಉಗುರು ಕಿತ್ತು ಬಂದರೂ ಅಗೆದ. ಕಡೆಗೆ ಒಳಗಿನಿಂದ ಕ್ಷೀಣವಾದ ಕೀಚಲು ದನಿ ಕೇಳಿತು.

ಚಿಗುರಿ ಅಳುತ್ತ ಬಂದು ಮರಿಗಳನ್ನು ಅಪ್ಪಿಕೊಂಡಾಗ ಅವು ಹೆಬ್ಬಾವಿನ ಕಥೆಯನ್ನೆಲ್ಲ ಹೇಳಿದವು. "ಇವರನ್ನು ಉಳಿಸಿದವಳು ಎಲ್ಲಿ?" ಎಂದಳು. ಕೆಂಬಾಲ ಕೂಡಲೇ ಹೊಳೆಯತ್ತ ಓಡಿದ.

ಹೊಳೆ ದಾಟಿ ಅವಳನ್ನು ಕಂಡ. "ಮನೆಗೆ ಬಾ ಮುಳ್ಳವ್ವ. ಬಂಡೆ ಹತ್ತಿ ನಿಜ ಕೂಗುತ್ತೇನೆ."

"ನೀನು ಕೂಗಿದ್ದು ಸಾಕಪ್ಪ," ಎಂದಳು ಅವಳು. "ಒಂದೊಂದು ಮನೆಗೂ ನಡೆದುಹೋಗಿ ಹೇಳು. ಆಮೇಲೆ ಬರುತ್ತೇನೆ."

ಕೆಂಬಾಲ ಗವಿಗವಿಗೆ, ಪೊಟರೆಪೊಟರೆಗೆ ಅಲೆದ. ಕೆಲವರು ತಲೆ ತಗ್ಗಿಸಿದರು. ಕೆಲವರು, "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?" ಎಂದು ಮುಖ ತಿರುಗಿಸಿದರು. ಮುಳ್ಳವ್ವ ಮರಳಿ ಬಂದಳು. ಆದರೂ ಅವಳು ನೀರಿಗೆ ಹೊರಟಾಗ ಒಬ್ಬಿಬ್ಬರು ತಾಯಂದಿರು ಮರಿಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅದನ್ನು ಕಂಡಾಗಲೆಲ್ಲ ಕೆಂಬಾಲ ಎದ್ದು, ಮತ್ತೆ ಅವರ ಬಾಗಿಲಿಗೆ ನಡೆಯುತ್ತಿದ್ದ.

ನೀತಿ: ಊರ ಕಟ್ಟೆಯಾಗಲಿ, ಲೋಕವೆಲ್ಲ ಓದುವ ಜಾಲತಾಣವಾಗಲಿ, ವಿಚಾರಿಸಿ ತಿಳಿದ ಮೇಲೆಯೇ ಮಾತು ಹೊರಬಿಡಬೇಕು, ಆತುರದಲ್ಲಿ ಬಿಟ್ಟ ಮಾತು ಓಡಿದಷ್ಟು ವೇಗವಾಗಿ ಅದರ ತಿದ್ದುಪಡಿ ಓಡುವುದಿಲ್ಲ.