ತೂತಿನ ನಾಣ್ಯ

ಹಳೆಯ ನಾಣ್ಯ ಕೂಡಿಡುವ ಗುರುಪಾದಪ್ಪನವರ ಮೇಜಿಗೆ ಒಂದೇ ಕಾಲದ ಎರಡು ತಾಮ್ರದ ನಾಣ್ಯಗಳು ಬಂದವು. ಒಂದನ್ನು ಮಾರುವವನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ದೇವರ ತಂಬಿಗೆಯ ಹಾಗೆ ತಿಕ್ಕಿ ತಂದಿದ್ದ. ಇನ್ನೊಂದರಲ್ಲಿ ತೂತಿತ್ತು.

"ತೂತು ಬಿದ್ದ ನಿನ್ನನ್ನು ಯಾರು ಕೊಳ್ಳುತ್ತಾರೆ?" ಎಂದಿತು ಹೊಳೆಯುವ ನಾಣ್ಯ.

ಮೇಜಿನ ಮೇಲಿದ್ದ ಭೂತಗನ್ನಡಿಗೆ ಕುತೂಹಲವಾಯಿತು. "ತೂತು ಹೇಗಾಯಿತು?" ಎಂದು ಕೇಳಿತು.

"ಒಬ್ಬ ತಾಯಿ ಕೊರೆಸಿದಳು, ಮಗುವಿನ ಉಡಿದಾರಕ್ಕೆ ಕಟ್ಟಲು. ಮಗು ಅಂಬೆಗಾಲಿಟ್ಟಲ್ಲೆಲ್ಲ ನೆಲಕ್ಕೆ ಉಜ್ಜಿ ನನ್ನ ಅಂಚು ಸವೆಯಿತು. ಬೆಲೆ ಇಳಿದದ್ದು ನಿಜ."

"ಆದರೂ ನಿನ್ನ ಮೇಲೆ ಅಚ್ಚಾದ ಆನೆ ಹಾಗೇ ನಿಂತಿದೆ" ಎಂದ ಭೂತಗನ್ನಡಿ, ಹೊಳೆಯುವ ನಾಣ್ಯದತ್ತ ಬಾಗಿತು. "ನಿನ್ನ ಆನೆ ಎಲ್ಲಿ?"

"ತಿಕ್ಕುವಾಗ ಹೋಗಿರಬೇಕು."

ಗುರುಪಾದಪ್ಪನವರು ತೂತಿನ ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಹೊಳೆಯುವುದನ್ನು ಮಾರುವವನತ್ತ ಸರಿಸಿದರು.

"ಹಾಗಾದರೆ ನನಗೂ ಒಂದು ತೂತು ಕೊರೆಸಿ!" ಎಂದು ಅದು ಅಂಗಲಾಚಿತು.

"ಕೊರೆಸಬಹುದು" ಎಂದಿತು ಭೂತಗನ್ನಡಿ. "ಆ ಮಗುವನ್ನು ಎಲ್ಲಿಂದ ತರೋಣ?"