ಒಲೆಗುಡ್ಡಕ್ಕೆ ರೈಲು ಬಾಗಿದ್ದು

ಅಮೆರಿಕದ ನೆಬ್ರಾಸ್ಕಾ ಸೀಮೆಯಲ್ಲಿ ಸ್ಟೋವ್ ಹಿಲ್ ಎಂಬ ಊರಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಲೆಗುಡ್ಡ. ಜಗತ್ತಿನ ದೊಡ್ಡ ಊರುಗಳ ಸಾಲಿನಲ್ಲಿ ಅದರ ಹೆಸರು ಬಾರದಿರುವುದಕ್ಕೆ ಒಂದೇ ಕಾರಣ, ಅದು ದೊಡ್ಡದಲ್ಲ. ಉಳಿದ ಯಾವ ವಿಷಯದಲ್ಲೂ ಅದಕ್ಕೆ ಸಾಟಿಯಿಲ್ಲ. ಒಂದು ಬೀದಿ, ಒಂದು ಅಂಚೆ ಕಚೇರಿ, ಎರಡು ಚರ್ಚು, ಆ ಎರಡಕ್ಕೂ ಹೋಗದವರು ಕೂರಲು ಒಂದು ಕಾಫಿ ಅಂಗಡಿ, ಮೋಡಕ್ಕೆ ತಲೆ ತಾಗಿಸುವ ಒಂದು ಧಾನ್ಯದ ಕಣಜ. ಸುತ್ತ ಮುಸುಕಿನ ಜೋಳದ ಹೊಲ. ನೆಲ ಎಷ್ಟು ಸಪಾಟೆಂದರೆ ಬಿದ್ದ ಮಳೆನೀರು ಯಾವ ಕಡೆಗೆ ಹರಿಯಬೇಕೆಂದು ತಿಳಿಯದೆ ಅಲ್ಲೇ ಕುಳಿತು ಯೋಚಿಸುತ್ತದೆ. ಅಂಥ ನೆಲದಲ್ಲಿ ಊರಿನ ನಡುವೆಯೇ ಒಂದು ದಿಬ್ಬ. ಕೋಳಿಯೂ ಏದುಸಿರಿಲ್ಲದೆ ಏರಬಲ್ಲಷ್ಟು ಎತ್ತರ. ಆದರೂ ಊರವರಿಗೆ ಅದು ಗುಡ್ಡವೇ, ಅಲ್ಲವೆಂದವರಿಗೆ ಕಾಫಿ ಸಿಗುವುದಿಲ್ಲ. ಅದರ ನೆತ್ತಿಯಲ್ಲಿ ಗೋಡೆಯಿಲ್ಲದೆ, ಸೂರಿಲ್ಲದೆ, ಒಂದು ಕಬ್ಬಿಣದ ಒಲೆ ನಿಂತಿದೆ. ಬುಡದಲ್ಲಿ ರೈಲುಹಳಿ. ಹಗ್ಗ ಹಿಡಿದು ಎಳೆದಂತೆ ಪೂರ್ವದಿಂದ ನೆಟ್ಟಗೆ ಬರುವ ಹಳಿ ಇಲ್ಲಿ ಮಾತ್ರ ಕುಡುಗೋಲಿನ ಹಾಗೆ ಬಾಗಿ, ದಿಬ್ಬವನ್ನು ಸವರಿಕೊಂಡು ಹೋಗಿ, ಮತ್ತೆ ನೆಟ್ಟಗಾಗುತ್ತದೆ. ಅಡ್ಡಿಗೆ ನದಿಯಿಲ್ಲ, ಬಂಡೆಯಿಲ್ಲ. ಇದಕ್ಕೆ ಕಾರಣ ಒಬ್ಬ ಹೆಂಗಸು ಎನ್ನುತ್ತಾರೆ.

ಹಿಂದೆ ಒಮ್ಮೆ, ರೈಲು ಆ ಸೀಮೆಗೆ ಇನ್ನೂ ಕಾಲಿಡದ ಕಾಲದಲ್ಲಿ, ದಿಬ್ಬದ ಮೇಲೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಅದಕ್ಕೂ ಮೊದಲು ಪಾನೀ ಎಂಬ ಮೂಲನಿವಾಸಿ ಜನ ಕಾಡೆಮ್ಮೆಗಳ ಬೆನ್ನು ಹತ್ತಿ ಈ ದಾರಿಯಲ್ಲಿ ಓಡಾಡುತ್ತಿದ್ದರಂತೆ; ಅವರು ದಿಬ್ಬಕ್ಕೆ ಇಟ್ಟ ಹೆಸರನ್ನು ಆಮೇಲೆ ಬಂದವರು ಯಾರೂ ಕೇಳಿಟ್ಟುಕೊಳ್ಳಲಿಲ್ಲ. ಆಮೇಲೆ ಬಂದವರ ಊರು ದಕ್ಷಿಣಕ್ಕೆ, ವಿಲೋ ಹಳ್ಳದ ದಡದಲ್ಲಿತ್ತು. ರೈಲು ತಮ್ಮ ಬಾಗಿಲಿಗೇ ಬರುತ್ತದೆಂದು ಅವರು ಕಾದಿದ್ದರು. ರೈಲು ಕಂಪನಿಯವರು ಬಂದು ದಿಬ್ಬದಾಚೆ, ಉತ್ತರದ ಬಯಲಿನಲ್ಲಿ ಹಳಿಯ ಗುರುತಿಗೆ ಗೂಟ ನೆಟ್ಟು ಹೋದರು. ದಿಬ್ಬಣ ಹೆಣ್ಣಿನ ಮನೆಗೆ ಬಾರದಿದ್ದಾಗ ಹೆಣ್ಣೇ ಹೋಗಿ ದಿಬ್ಬಣದ ದಾರಿಯಲ್ಲಿ ನಿಲ್ಲಬೇಕಾಯಿತು. ಮರದ ಮನೆಗಳನ್ನು ಎತ್ತಿ, ಕೆಳಗೆ ಉರುಳುವ ದಿಮ್ಮಿ ಕೊಟ್ಟು, ಎತ್ತು ಕಟ್ಟಿ ಎಳೆಯುವುದೆಂದು ಊರು ತೀರ್ಮಾನಿಸಿತು. ಹಿಂದೆ ಉಳಿದ ದಿಮ್ಮಿಯನ್ನು ಹೊತ್ತು ತಂದು ಮತ್ತೆ ಮುಂದೆ ಹಾಸಬೇಕು. ಹಾಗೆ ದಾರಿಯೂ ಮನೆಯ ಜೊತೆಯಲ್ಲೇ ನಡೆಯುತ್ತಿತ್ತು. ಚಳಿಗೆ ನೆಲ ಕಲ್ಲಾದಾಗ ಮಾತ್ರ ಆಗುವ ಕೆಲಸ. ಜನ ಒಳಗೇ ಇರುತ್ತಿದ್ದರು, ಒಳಗೇ ಅಡುಗೆ. ಮಗುವಿಗೆ ಹಳೆಯ ಊರಿನಲ್ಲಿ ಹಾಲು ಕುಡಿಸಲು ಕುಳಿತ ತಾಯಿ ಹೊಸ ಊರಿನಲ್ಲಿ ತೇಗಿಸಿದಳು ಎನ್ನುತ್ತಾರೆ. ಇದಕ್ಕೆಲ್ಲ ಊರವರು ಮಾಡಿಕೊಂಡ ಕಟ್ಟಳೆ ಒಂದೇ: ಮನೆ ನಿಲ್ಲುವವರೆಗೆ ಒಲೆ ಆರಬಾರದು. ಹೊಗೆಯಾಡುವ ಮನೆಗೆ ಒಡೆಯರಿದ್ದಾರೆ; ಹೊಗೆಯಿಲ್ಲದ್ದು ಬಿಟ್ಟುಹೋದ ಮನೆ, ಮೊದಲು ಬಾಗಿಲು ತೆಗೆದವರ ಪಾಲು.

ಕೊನೆಗೆ ಹೊರಟದ್ದು ಆರ್ಫಾ ಟಿಂಡಲ್‌ಳ ಮನೆ. ಗಂಡ ತೀರಿದ ಮೇಲೆ ಆಕೆ ಮನೆಯಲ್ಲೇ ದಾರಿಹೋಕರಿಗೆ ಅಡುಗೆ ಮಾಡಿ ಬಡಿಸುತ್ತಿದ್ದಳು. ಆಕೆಗಿದ್ದದ್ದು ಆ ಮನೆ, ಆ ಒಲೆ, ಇಷ್ಟೇ. ಆಕೆಯ ಬ್ರೆಡ್ಡಿನ ವಾಸನೆಗೆ ಪಕ್ಕದ ಜಿಲ್ಲೆಯ ನಾಯಿಗಳು ವಲಸೆ ಬಂದಿದ್ದವಂತೆ. ಎಳೆಯುವ ಎತ್ತುಗಳೋ, ಅಮೋಸ್ ಕ್ರೆಟ್ಜರನವು. ಅವನದೊಂದು ಹೋಟೆಲಿತ್ತು, ಹಾಸಿಗೆಗಳಿದ್ದವು, ಉಣ್ಣುವವರಿರಲಿಲ್ಲ. ಅವನ ಸೂಪನ್ನು ಅವನ ಎತ್ತುಗಳೂ ಮೂಸಿ ಬಿಡುತ್ತಿದ್ದವು. ಆರ್ಫಾಳ ಒಲೆ ತನ್ನದಾದರೆ ಆ ಕೊರತೆ ತೀರುತ್ತದೆಂದು ಅವನ ಲೆಕ್ಕಾಚಾರ. ಮನೆ ದಿಬ್ಬದ ನೆತ್ತಿಗೆ ಬಂದಾಗ ಅಕಾಲದಲ್ಲಿ ಬಿಸಿಲು ಕಾದು ನೆಲ ಕೆಸರಾಯಿತು. ಅಮೋಸ್ ಎತ್ತು ಬಿಚ್ಚಿದ.

“ಮಿಸೆಸ್ ಟಿಂಡಲ್, ನೆಲ ಗಟ್ಟಿಯಾದ ಕೂಡಲೇ ಬಂದು ಎಳೆಸುತ್ತೇನೆ. ಅಲ್ಲಿಯವರೆಗೆ ಒಲೆ ಜೋಪಾನ.”

“ನನ್ನ ಒಲೆಯ ಚಿಂತೆ ನಿಮಗೇಕೆ ಮಿಸ್ಟರ್ ಕ್ರೆಟ್ಜರ್? ನಿಮ್ಮ ಸೂಪಿನ ಚಿಂತೆ ಮಾಡಿ.”

ನೆಲ ಮತ್ತೆ ಕಲ್ಲಾಯಿತು, ಅಮೋಸ್ ಬರಲಿಲ್ಲ. ಎತ್ತಿಗೆ ಗೊರಸು ನೋವು ಎಂದು ಹೇಳಿಕಳಿಸಿದ. ಕೆಳಗಿನ ಬಯಲಿನಲ್ಲಿ ಆ ನೋವಿನ ಎತ್ತುಗಳೇ ಅವನು ಕಟ್ಟಿಸುತ್ತಿದ್ದ ಕಣಜಕ್ಕೆ ತೊಲೆ ಎಳೆಯುತ್ತಿದ್ದುದು ಆರ್ಫಾಳ ಕಿಟಕಿಗೆ ಚೆನ್ನಾಗಿ ಕಾಣುತ್ತಿತ್ತು. ಅವನೂ ದಿನಾ ಹೋಟೆಲಿನ ಅಟ್ಟವೇರಿ ಆಕೆಯ ಹೊಗೆಗೊಳವೆಯನ್ನೇ ನೋಡುತ್ತಿದ್ದ. ಆ ಸೀಮೆಯಲ್ಲಿ ಮರವೆಂಬುದು ಹಳ್ಳದ ದಡದಲ್ಲಿ ಬಿಟ್ಟರೆ ಇಲ್ಲ. ಆಕೆ ಜೋಳದ ದಿಂಡು ಉರಿಸಿದಳು, ಹುಲ್ಲನ್ನು ಹೊಸೆದು ಗಂಟು ಕಟ್ಟಿ ಉರಿಸಿದಳು. ಅಷ್ಟರಲ್ಲಿ ಹಿಮಗಾಳಿ ಎದ್ದಿತು. ಎಂಥ ಗಾಳಿಯೆಂದರೆ ಹಿಮ ಮೇಲಿಂದ ಬೀಳದೆ ಒಂದೇ ಸಮ ಅಡ್ಡಡ್ಡ ಹೋಗುತ್ತಿತ್ತು. ಆ ಹಿಮ ಇನ್ನೂ ನೆಲ ಮುಟ್ಟಿಲ್ಲವೆಂದು ಹೇಳುವವರಿದ್ದಾರೆ. ಹುಲ್ಲು ತೀರಿತು. ಉಳಿದದ್ದು ಮುಂದೆ ಹಾಸಿದ್ದ ದಿಮ್ಮಿಗಳು. ಅವನ್ನು ಉರಿಸಿದರೆ ಮನೆ ಇನ್ನೆಂದೂ ಹೊಸ ಊರು ಸೇರುವುದಿಲ್ಲ. ಉರಿಸದಿದ್ದರೆ ಸೇರುವ ಮನೆ ತನ್ನದಾಗಿರುವುದಿಲ್ಲ. ಆರ್ಫಾ ಶಾಲು ಹೊದ್ದು ಕೊಡಲಿ ಹಿಡಿದು ಹೊರಗೆ ಬಂದಳು. ಮುಂದಿನ ದಾರಿಯನ್ನು ಒಂದೊಂದೇ ತುಂಡು ಮಾಡಿ ಒಲೆಗಿಟ್ಟಳು. ಬೆಂಕಿ ಹೇಗೂ ಇದೆಯಲ್ಲ ಎಂದು ಹಿಟ್ಟನ್ನೂ ನಾದಿದಳು.

ಬಯಲಿನಲ್ಲಿ ಹಳಿ ಹಾಸಲು ಬಂದಿದ್ದ ಕೂಲಿಗಳ ಡೇರೆಗಳನ್ನು ಗಾಳಿ ಹೊತ್ತೊಯ್ದಿತ್ತು. ಅವರ ಮೇಸ್ತ್ರಿ ಡ್ವಯರ್ ಎಂಬ ಐರಿಷ್ ಆಸಾಮಿ. ಎದುರಿಗೆ ಹಿಡಿದ ಕೈ ಕಾಣದ ಬಿಳುಪಿನಲ್ಲಿ ಅವನ ಮೂಗಿಗೆ ಹೊಗೆ ಬಡಿಯಿತು. ಹೊಗೆಯ ಹಿಂದೆಯೇ ಬ್ರೆಡ್ಡು. ಒಬ್ಬರ ಅಂಗಿ ಒಬ್ಬರು ಹಿಡಿದು ಅಷ್ಟೂ ಜನ ದಿಬ್ಬ ಹತ್ತಿ ಬಾಗಿಲು ಬಡಿದರು.

“ಅಮ್ಮಾ, ಇದು ಹೋಟೆಲೋ, ಮನೆಯೋ?” ಎಂದ ಡ್ವಯರ್.

“ಬಾಗಿಲು ಹಾಕಿದರೆ ಮನೆ,” ಎಂದಳು ಆರ್ಫಾ. “ಒಳಗೆ ಬಂದು ಹಾಕಿ.”

ಗಾಳಿ ನಿಂತ ಬೆಳಿಗ್ಗೆ ಅಮೋಸ್ ಊರ ನಾಲ್ಕು ಜನರನ್ನು ಕರೆದುಕೊಂಡು ಮೇಲೆ ಬಂದ. ಬಾಗಿಲು ತೆಗೆದರೆ ಒಳಗೆ ಕಾಲಿಡಲು ಜಾಗವಿಲ್ಲ. ಕೂಲಿಗಳೆಲ್ಲ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು.

“ಗಾಳಿ ಬೀಸಿದಷ್ಟೂ ಹೊತ್ತು ಹೊಗೆ ಕಾಣಲಿಲ್ಲ,” ಎಂದ ಅಮೋಸ್. “ಕಟ್ಟಳೆ ಕಟ್ಟಳೆಯೇ.”

“ನಮ್ಮ ಮೂಗಿಗೆ ಕಾಣಿಸಿತಲ್ಲ. ಅದನ್ನೇ ಹಿಡಿದು ಬಂದೆವು,” ಎಂದ ಡ್ವಯರ್, ತಟ್ಟೆಯಿಂದ ತಲೆ ಎತ್ತದೆ.

ಬಂದಿದ್ದ ನಾಲ್ವರೂ ತಲೆಯಾಡಿಸಿದರು. ಅವರ ಕಣ್ಣೂ ಬ್ರೆಡ್ಡಿನ ಮೇಲಿತ್ತು. ಅಮೋಸ್ ಮಾತು ತಿರುಗಿಸಿದ. “ಆಗಲಿ, ಮನೆ ನಿಮ್ಮದೇ. ದಿಮ್ಮಿ ಎಲ್ಲಿ ಮಿಸೆಸ್ ಟಿಂಡಲ್? ಇನ್ನು ಇದು ಸ್ಟೇಷನ್ನಿಗೆ ಬರುವುದು ಹೇಗೆ?”

“ದಿಮ್ಮಿ ಬ್ರೆಡ್ಡಾಗಿದೆ, ನೀವೂ ಒಂದು ತುಂಡು ತಿನ್ನಿ. ಮನೆ ಬರುವುದಿಲ್ಲ. ಸ್ಟೇಷನ್ನೇ ಬರಲಿ.”

ಎಲ್ಲರೂ ನಕ್ಕರು. ಡ್ವಯರನ ಕೂಲಿಗಳು ಮಾತ್ರ ಅದನ್ನು ಆಜ್ಞೆಯೆಂದೇ ತೆಗೆದುಕೊಂಡರು. ಅಂದಿನಿಂದ ಅವರು ಮಧ್ಯಾಹ್ನದ ಊಟಕ್ಕೆ ದಿಬ್ಬ ಹತ್ತಿದಾಗಲೆಲ್ಲ ಹೋಗುವ ದಾರಿ ಉದ್ದವಾಯಿತೆಂದು ಗೊಣಗಿ, ಇಳಿದು ಬಂದು ಗೂಟಗಳನ್ನು ಇಷ್ಟಿಷ್ಟೇ ಇತ್ತ ಸರಿಸಿದರು. ಮುಂದೆ ನೆಲ ಜವುಗು ಎಂದು ಡ್ವಯರ್ ಕಂಪನಿಗೆ ವರದಿ ಕೊಟ್ಟನಂತೆ. ವಸಂತದಲ್ಲಿ ಮೊದಲ ರೈಲು ಬಂದಾಗ ಹೊಸ ಊರು ಬಯಲಿನಲ್ಲಿ ಸಾಲಾಗಿ ನಿಂತು ಟೋಪಿ ಬೀಸಿತು. ರೈಲು ಅದಕ್ಕೆ ದೂರದಿಂದಲೇ ಹೊಗೆ ತೋರಿಸಿ ದಿಬ್ಬದ ಬುಡದಲ್ಲಿ ಹೋಗಿ ನಿಂತಿತು. ಒಮ್ಮೆ ಎದ್ದು ನಡೆದ ಊರಿಗೆ ಇನ್ನೊಮ್ಮೆ ಏಳುವುದು ಕಷ್ಟವೇನಲ್ಲ. ಮುಂದಿನ ಚಳಿಗಾಲಕ್ಕೆ ಮನೆಗಳೆಲ್ಲ ದಿಬ್ಬಕ್ಕೆ ಬಂದವು, ಅಮೋಸನ ಹೋಟೆಲೂ. ಆರ್ಫಾಳ ಎದುರು ಸಾಲಿನಲ್ಲೇ ಜಾಗ ಸಿಕ್ಕಿತು. ಮಲಗುವವರು ಅವನಲ್ಲಿ, ಉಣ್ಣುವವರು ಈಕೆಯಲ್ಲಿ. ಅವನೂ ಈಕೆಯಲ್ಲೇ ಉಂಡ.

ಆರ್ಫಾ ಹೋದ ಮೇಲೆ ಒಂದು ಸುಂಟರಗಾಳಿ ಆ ಮನೆಯ ಗೋಡೆ, ಚಾವಣಿಗಳನ್ನೆಲ್ಲ ಹೊತ್ತೊಯ್ದಿತು. ಒಲೆಯನ್ನು ಮುಟ್ಟಲಿಲ್ಲ, ಉರಿಯುತ್ತಿತ್ತಂತೆ, ಗಾಳಿಗೂ ಕಟ್ಟಳೆ ಗೊತ್ತಿತ್ತು. ರೈಲು ತಿರುಗುವಲ್ಲಿ ವೇಗ ತಗ್ಗಿಸಬೇಕೆಂಬುದು ಕಂಪನಿಯ ನಿಯಮ. ಚಾಲಕ ಮೂಗು ಹೊರಗೆ ಹಾಕುವುದೇಕೆಂದು ನಿಯಮದಲ್ಲಿ ಇಲ್ಲ. ಮೇಲೆ ಹೋದವರಿಗೆ ಒಲೆಯ ಪಕ್ಕದಲ್ಲಿ ಒಂದು ಹಳೆಯ ದಿಮ್ಮಿಯೂ ಕಾಣುತ್ತದೆ. ಮನೆಯ ಅಡಿಗೇ ಸಿಕ್ಕಿಕೊಂಡಿದ್ದರಿಂದ ಆರ್ಫಾಳ ಕೊಡಲಿಗೆ ಎಟುಕದೆ ಉಳಿದದ್ದು ಅದೊಂದೇ. ಚಳಿಗಾಲದ ಬೆಳಿಗ್ಗೆ ಸರದಿಯಂತೆ ಒಲೆ ಹೊತ್ತಿಸಲು ಬರುವ ಊರವರು ಸೌದೆಯನ್ನು ತಮ್ಮ ಮನೆಯಿಂದಲೇ ತರುತ್ತಾರೆ, ದಿಮ್ಮಿಯನ್ನು ಮುಟ್ಟುವುದಿಲ್ಲ. ಏಕೆಂದು ಕೇಳಿದರೆ, ರೈಲು ಮತ್ತೆ ಮನಸ್ಸು ಬದಲಿಸಿದರೆ ಉರಿಸಲು ಏನಾದರೂ ಬೇಕಲ್ಲ ಎನ್ನುತ್ತಾರೆ.